ಸೂಟಿಯ ದಿನದ ಗುಳಿಗೆ

ಆಳಂದ ರಸ್ತೆಯ ಆ ದಾಲ್ ಮಿಲ್ಲಿನಲ್ಲಿ ತೊಗರಿ ಹಸನು ಮಾಡುವ ಹೆಂಗಸರು ನೀರು ಕುಡಿಯುವುದಿಲ್ಲ. ನೀರಿಗೇನೂ ಕೊರತೆಯಿಲ್ಲ. ಬಾಗಿಲ ಪಕ್ಕದಲ್ಲೇ ತಂಪು ನೀರಿನ ಮಷೀನಿದೆ, ಅದರ ಮೇಲೆ ಸಾವಕಾರ ದೌಲತರಾಯರ ತಂದೆಯ ಹೆಸರಿನ ಕಲ್ಲಿದೆ. ಕುಡಿದ ನೀರನ್ನು ಹೊರಗೆ ಬಿಡಲು ಜಾಗವಿಲ್ಲ, ಅಷ್ಟೇ. ಹಿಂದೆ ಮಿಲ್ಲಿನ ಬೆನ್ನಿಗೆ ಜಾಲಿಕಂಟಿ ಇತ್ತು. ಅದನ್ನು ಕಡಿದು ಪ್ಲಾಟು ಮಾಡಿದರು, ಸುತ್ತ ಕಂಪೌಂಡು ಎಬ್ಬಿಸಿದರು, ಮೂಲೆಯ ಕಂಬಕ್ಕೆ ಕ್ಯಾಮೆರಾ ಕೂರಿಸಿದರು. ಗಂಡಸರಿಗೆ ಗೋಡೆಯಿದೆ. ಹೆಂಗಸರು ಸಂಜೆಯಾಗಲಿ ಎಂದು ಕಾಯಬೇಕು.

ಸರಸಂಬಾದಿಂದ ದಿನಾ ಟಂಟಂ ಹತ್ತಿ ಬರುವ ಶಿವಕಾಂತಾಳಿಗೆ ಬಿಪಿ ಇರುವುದು ಗೊತ್ತಾದದ್ದು ಮಗಳ ಬಾಣಂತನಕ್ಕೆಂದು ಸರಕಾರಿ ದವಾಖಾನೆಗೆ ಹೋದಾಗ. ಮಗಳ ತೋಳಿಗೆ ಪಟ್ಟಿ ಸುತ್ತಿದ ನರ್ಸು ತಮಾಷೆಗೆಂದು ತಾಯಿಯ ತೋಳಿಗೂ ಸುತ್ತಿದಳು. ಮಷೀನು ನೋಡಿದ ಮೇಲೆ ತಮಾಷೆ ಬಿಟ್ಟು ಡಾಕ್ಟರ ಹತ್ತಿರ ಕಳಿಸಿದಳು. ಡಾಕ್ಟರ್ ಅಮರನಾಥ ವಯಸ್ಸಿನಲ್ಲಿ ಶಿವಕಾಂತಾಳ ಮಗನಷ್ಟಿದ್ದರು. ಎರಡು ಥರದ ಗುಳಿಗೆ ಬರೆದರು.

“ದಿನಾ ಮುಂಜಾನಿ ತಗೋಬೇಕವ್ವಾ. ಆರಾಮ ಅನಿಸ್ತಂತ ಬಿಡೂದಲ್ಲ. ಇದೊಂದು ಗುಳಿಗಿ ಮೈಯಾಗಿನ ಉಪ್ಪು ನೀರು ಹೊರಗ ಹಾಕ್ತದ. ಒಂದೀಟು ಜಾಸ್ತಿ ಹೋಗಬೇಕಾಗ್ತದ, ಅಂಜಬ್ಯಾಡ್ರಿ.”

“ಎಲ್ಲಿಗೆ ಹೋಗೂದ್ರಿ?”

ಡಾಕ್ಟರು ತಲೆ ಎತ್ತಿ ನೋಡಿದರು. ಶಿವಕಾಂತಾ ಸೆರಗು ಎಳೆದುಕೊಂಡಳು. ಮಗನಂಥ ಹುಡುಗನ ಮುಂದೆ ಆ ಮಾತನ್ನು ಇನ್ನೊಮ್ಮೆ ಆಡುವುದು ಅವಳಿಂದ ಆಗಲಿಲ್ಲ.

ಗುಳಿಗೆ ನುಂಗಿ ಮಿಲ್ಲಿಗೆ ಹೋದ ಮೊದಲ ದಿನ ಅವಳು ಮೊಣಕಾಲು ಬಿಗಿಹಿಡಿದು ಕೂತಳು. ಎರಡನೆಯ ದಿನ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿ ಮೊರ ಹಿಡಿದಿದ್ದ ಕುಲಸುಮಬಿ ನೋಡಿ, “ಏಳಕ್ಕಾ, ಹೊಟ್ಟಿನ ಬಣವಿ ಹಿಂದ ನಡಿ, ನಾ ಬುರಖಾ ಹಿಡೀತೇನಿ,” ಎಂದು ಎಬ್ಬಿಸಿಕೊಂಡು ಹೋದಳು. ಮರುದಿನ ಉಸ್ತುವಾರಿಯ ಜಗದೇವ ಎಲ್ಲರ ನಡುವೆ ನಿಂತು ಫೋನು ಎತ್ತಿ ತೋರಿಸಿದ.

“ಬಣವಿ ಹಿಂದ ಯಾರ್ಯಾರು ಹೋಗಿದ್ರಿ ಅಂತ ಇದರಾಗ ಬಂದದ. ಸಾವಕಾರ್ರ ಫೋನಿಗೂ ಬರ್ತದ ಇದು. ಅವರ ಮನ್ಯಾಗ ಹೆಣ್ಮಕ್ಕಳು ಫೋನ್ ನೋಡ್ತಾರ. ಅವರ ಮಾನಾನೂ ಒಂದೀಟು ನೋಡ್ರಿ ಬೇ.”

ಮಾನ ಹೋದದ್ದು ಸಾವಕಾರರದು. ಅಂದಿನಿಂದ ಶಿವಕಾಂತಾ ಮಿಲ್ಲಿನ ದಿನ ಗುಳಿಗೆ ಮುಟ್ಟಲಿಲ್ಲ.

ಆದರೆ ಬಿಟ್ಟದ್ದನ್ನು ಬಿಟ್ಟಂತೆ ಬಿಡುವ ರೂಢಿ ಅವಳಿಗಿರಲಿಲ್ಲ. ಮಿಲ್ಲಿನಲ್ಲಿ ಇಂದು ಹಸನಾಗದೆ ಉಳಿದ ಚೀಲವನ್ನು ನಾಳೆಯ ಪಾಲಿಗೆ ಕೂಡಿಸುತ್ತಾರೆ. ಜ್ವರ ಬಂದು ಒಂದು ದಿನ ತಪ್ಪಿದವಳ ಮುಂದೆ ಮರುದಿನ ಎರಡು ದಿನದ ಕಾಳು ಬಿದ್ದಿರುತ್ತದೆ. ಬಾಕಿ ಎಂದರೆ ತೀರಿಸಬೇಕಾದದ್ದು ಎಂಬುದು ಆ ಹೆಂಗಸರ ಮೈಗೆ ಇಳಿದುಹೋಗಿದೆ. ಗುಳಿಗೆಯೂ ಹಾಗೇ ಎಂದುಕೊಂಡಳು ಶಿವಕಾಂತಾ. ವಾರದಲ್ಲಿ ತಪ್ಪಿದ್ದನ್ನು ರವಿವಾರ, ಮಿಲ್ಲಿನ ಸೂಟಿಯ ದಿನ, ಆದಷ್ಟು ಒಟ್ಟಿಗೆ ನುಂಗಿ ಬಾಕಿ ಚುಕ್ತಾ ಮಾಡುತ್ತಿದ್ದಳು. ಅವತ್ತು ಮನೆಯಲ್ಲೇ ಇರುತ್ತಾಳೆ, ಹಿತ್ತಲಲ್ಲಿ ಪಾಯಖಾನೆ ಇದೆ.

ಮುಂದಿನ ತಿಂಗಳು ಡಾಕ್ಟರು ಕೇಳಿದರು: “ದಿನಾ ತಗೊಂತೀರಿಲ್ಲೋ?”

“ತಗೊಂತೀನ್ರಿ.”

“ಮತ್ತ ಯಾಕ ಇಳಿವಲ್ದು?” ಅವರು ಗುಳಿಗೆಯ ಪ್ರಮಾಣ ಏರಿಸಿದರು. ಅವಳ ರವಿವಾರದ ಬಾಕಿಯೂ ಏರಿತು.

ಅಂಥದೊಂದು ರವಿವಾರ ಹಿತ್ತಲಿನಿಂದ ಬರುವಾಗ ಶಿವಕಾಂತಾಳ ಕಣ್ಣಿಗೆ ಕತ್ತಲೆ ಕವಿದು, ಅವಳು ಹೊಸ್ತಿಲ ಮೇಲೆ ಬಿದ್ದಳು. ಹಣೆ ಒಡೆಯಿತು. ದವಾಖಾನೆಯಲ್ಲಿ ಡಾಕ್ಟರ್ ಅಮರನಾಥರು ಮಷೀನು ನೋಡಿ ಗಾಬರಿಯಾದರು. ಹೋದ ಸಲ ಏರಿ ಕೂತಿದ್ದ ಬಿಪಿ ಈಗ ಪಾತಾಳಕ್ಕೆ ಇಳಿದಿತ್ತು. ಸುದ್ದಿ ಕೇಳಿ ಓಡಿ ಬಂದ ಕುಲಸುಮಬಿ ಮಂಚದ ಪಕ್ಕ ನಿಂತು, ಶಿವಕಾಂತಾ ಕೈಸನ್ನೆಯಲ್ಲಿ ಬೇಡವೆನ್ನುತ್ತಿದ್ದರೂ ಎಲ್ಲವನ್ನೂ ಹೇಳಿಬಿಟ್ಟಳು. ಬಣವೆ, ಕ್ಯಾಮೆರಾ, ರವಿವಾರ, ಬಾಕಿ, ಎಲ್ಲ.

ಡಾಕ್ಟರು ಬೈಯಲಿಕ್ಕೆಂದು ಬಾಯಿ ತೆರೆದವರು ಬೈಯಲಿಲ್ಲ.

“ತಪ್ಪಿದ ಗುಳಿಗಿ ಕೂಡಿಸಿ ನುಂಗೂದಲ್ಲವ್ವಾ. ತಪ್ಪಿದ್ದು ತಪ್ಪಿತು, ಮರುದಿನ ಅವತ್ತಿಂದಷ್ಟೇ ತಗೋಬೇಕು. ಜೀವ ಹೋಗಿದ್ರ? ಮತ್ತ ನನಗ ಸುಳ್ಳ ಹೇಳಿದ್ರಿ, ನಾ ಆ ಸುಳ್ಳಿನ ಮ್ಯಾಲ ಔಷಧ ಏರಿಸಿದೆ. ಈ ನೀರಿನ ಗುಳಿಗಿ ಬಿಡಿಸಿ ಬ್ಯಾರೇದು ಕೊಡ್ತೀನಿ, ಅದರಿಂದ ಇಷ್ಟು ತ್ರಾಸ ಆಗಂಗಿಲ್ಲ. ಆದ್ರ ದಿನಾ ಪೂರ್ತಿ ತಡಕೊಂಡು ಕೂಡೂದು, ನೀರು ಕುಡೀದೇ ಇರೂದು, ಅದಕ್ಕ ನನ್ನ ಕಡೆ ಗುಳಿಗಿ ಇಲ್ಲ.”

ಅದನ್ನೇ ಒಂದು ಚೀಟಿಯಲ್ಲಿ ಬರೆದು ಸಹಿ ಹಾಕಿದರು. ಹಣೆಯ ಪಟ್ಟಿ ಬಿಚ್ಚಿದ ಮರುದಿನ ಇಬ್ಬರೂ ಆ ಚೀಟಿ ಹಿಡಿದು ಸಾವಕಾರರ ಆಫೀಸಿಗೆ ಹೋದರು.

ದೌಲತರಾಯರು ಒಳ್ಳೆಯವರೆಂದು ಊರೆಲ್ಲ ಹೇಳುತ್ತದೆ. ಬಸವ ಜಯಂತಿಯ ದಾಸೋಹ ಅವರದೇ. ಕಾಯಕದ ಬಗ್ಗೆ ಅವರು ಮಾತಾಡಿದರೆ ಸಭೆಯಲ್ಲಿ ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ. ಚೀಟಿ ಓದಿ ಕನ್ನಡಕ ತೆಗೆದರು.

“ನನಗೂ ಬಿಪಿ ಅದ ಶಿವಕಾಂತಾ. ನಾನೂ ಅದೇ ನೀರಿನ ಗುಳಿಗಿ ತಗೊಂತೀನಿ. ಒಂದು ದಿನಾನೂ ತಪ್ಪಿಸಿಲ್ಲ. ಎಲ್ಲಾ ಶಿಸ್ತಿನ ಮ್ಯಾಲ ನಿಂತದ. ನಿಮ್ಮ ಮಂದ್ಯಾಗ ಶಿಸ್ತು…” ಎಂದವರು ಮಾತು ನಡುವೆಯೇ ಬಿಟ್ಟು ಎದ್ದು, ಕುರ್ಚಿಯ ಹಿಂದಿನ ಬಾಗಿಲು ತೆಗೆದು ಒಳಗೆ ಹೋದರು. ನೀರು ಬಿಟ್ಟ ಸಪ್ಪಳ ಕೇಳಿಸಿತು. ಕೈ ಒರೆಸಿಕೊಳ್ಳುತ್ತ ಬಂದು ಕೂತು, “ಏನು ಹೇಳಾಕತ್ತಿದ್ದೆ?” ಎಂದರು.

“ಶಿಸ್ತು ಅಂದ್ರಿ,” ಎಂದಳು ಕುಲಸುಮಬಿ.

ಶಿವಕಾಂತಾ ನಗಲಿಲ್ಲ. “ಆ ಬಾಗಲ ನಮಗೂ ಒಂದೆರಡು ಸಲ ತೆರದ್ರ ಸಾಕ್ರಿ ಸಾವಕಾರ್ರ. ನಾವೇ ತೊಳದಿಡ್ತೇವಿ.”

“ಇಲ್ಲಿ ವ್ಯಾಪಾರಸ್ಥರು ಬಂದು ಕೂಡ್ತಾರ. ಇಷ್ಟು ಮಂದಿ ಹೆಂಗಸ್ರು ಇಲ್ಲಿ ಪಾಳಿ ಹಚ್ಚಿದ್ರ ಚಂದ ಕಾಣ್ತದೇನು? ಹೋಗ್ರಿ, ವಿಚಾರ ಮಾಡ್ತೀನಿ.”

ವಿಚಾರ ಮಾಡಿದರು. ಮರುದಿನ ಜಗದೇವ ಗೇಟಿನಲ್ಲೇ ಶಿವಕಾಂತಾಳಿಗೆ ಅಡ್ಡ ನಿಂತ.

“ಸಾವಕಾರ್ರಿಗೆ ನಿನ್ನ ಜೀವದ ಕಾಳಜಿ ಹತ್ತ್ಯದ ಯಕ್ಕಾ. ಮಷೀನ್ ಬಾಜೂಕ ತಲಿ ತಿರುಗಿ ಬಿದ್ರ ಯಾರು ಹೊಣಿ? ಬಿಪಿ ಇದ್ದವ್ರು ಮನ್ಯಾಗ ಆರಾಮ ಇರ್ಲಿ ಅಂದಾರ.” ಆಮೇಲೆ ಟಂಟಂನಿಂದ ಇಳಿಯುತ್ತಿದ್ದ ಉಳಿದವರ ಕಡೆ ತಿರುಗಿದ. “ಮತ್ತ್ಯಾರಿಗೆ ಅದ? ಈಗೇ ಹೇಳಿಬಿಡ್ರಿ.”

ಯಾರಿಗೂ ಇರಲಿಲ್ಲ. ವರ್ಷಗಟ್ಟಲೆ ತಲೆನೋವೆಂದು ಹಣೆಗೆ ಬಟ್ಟೆ ಬಿಗಿದು ಕೂಡುತ್ತಿದ್ದವರಿಗೂ ಆ ಕ್ಷಣಕ್ಕೆ ವಾಸಿಯಾಗಿತ್ತು. ಕುಲಸುಮಬಿ ತಲೆ ತಗ್ಗಿಸಿ ಒಳಗೆ ನಡೆದಳು. ಅವಳ ಮೇಲೆ ಶಿವಕಾಂತಾಳಿಗೆ ಸಿಟ್ಟು ಬರಲಿಲ್ಲ. ಮನೆಯಲ್ಲಿ ಗಂಡ ಹುಸೇನಪೀರ ಸೊಂಟ ಮುರಿದುಕೊಂಡು ಮಲಗಿದ್ದ, ಒಲೆ ಉರಿಯುತ್ತಿದ್ದದ್ದು ಅವಳ ಮೊರದಿಂದ.

ಕೆಲಸ ಹೋದ ಮೇಲೆ ಶಿವಕಾಂತಾ ಹೊಸ ಗುಳಿಗೆಯನ್ನು ದಿನಾ ಒಂದೇ ಹೊತ್ತಿಗೆ ತಗೊಂಡಳು, ಬೇಕಾದಷ್ಟು ನೀರು ಕುಡಿದಳು, ಬೇಕಾದಾಗ ಹಿತ್ತಲಿಗೆ ಹೋದಳು. ಡಾಕ್ಟರ್ ಅಮರನಾಥರು ಮಷೀನು ನೋಡಿ ಖುಷಿಯಾದರು.

“ಬರೋಬ್ಬರಿ ಬಂದದ ನೋಡ್ರಿ. ಹೇಳಿದಂಗ ಕೇಳಿದ್ರ ಯಾಕ ಬರಂಗಿಲ್ಲ?”

“ಮಿಲ್ ಬಿಡಿಸ್ಯಾರ್ರಿ,” ಎಂದಳು ಶಿವಕಾಂತಾ. ಡಾಕ್ಟರು ಪಟ್ಟಿ ಸುತ್ತಿಡುತ್ತ ಕೂತರು.

ಒಂದು ಸಂಜೆ ಕುಲಸುಮಬಿ ಮಿಲ್ಲಿನಿಂದ ನೇರ ಅವಳ ಮನೆಗೆ ಬಂದಳು. ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿದಳು.

“ಅಕ್ಕಾ, ತಲಿ ಹಿಂದ ಸಿಡೀತದ. ಮೊರದಾಗ ಕಾಳು ಎರಡೆರಡು ಕಾಣಾಕತ್ತಾವ. ನಮ್ಮವ್ವಗ ಲಕ್ವಾ ಹೊಡದು ಕೈಕಾಲು ಬೀಳೂ ಮುಂದ ಹಿಂಗೇ ಅಂತಿದ್ಲು. ನಿನ್ನ ಗುಳಿಗ್ಯಾಗ ಒಂದೀಟು ಕೊಡು.”

“ನನ್ನ ಗುಳಿಗಿ ನಿನಗ ಹ್ಯಾಂಗ ಕೊಡ್ಲಿ ಬೇ? ತೋರಿಸ್ಕೋ. ನಿನ್ನ ಮೈ ಬ್ಯಾರೆ. ಎಷ್ಟದ ಏನದ ಅಂತ ಅವರು ನೋಡಿ ಕೊಡಬೇಕು.”

“ಎಲ್ಲಿ ತೋರಿಸ್ಲಿ? ಜಗದೇವನ ಹೇಂತಿ ಅದೇ ದವಾಖಾನ್ಯಾಗ ಚೀಟಿ ಹರಕೊಡ್ತಾಳ. ಪಾಳೀಗೆ ನಿಂತ್ನೆಂದ್ರ ಮುಂಜಾನಿ ಗೇಟಿನ್ಯಾಗ ನಿಂದೇ ಗತಿ ನಂದು. ಕೊಡಂಗಿಲ್ಲ ಅಂದ್ರ ಕೊಡಂಗಿಲ್ಲ ಅನ್ನು, ಶ್ಯಾಣ್ಯಾತನ ಹೇಳಬ್ಯಾಡ.”

“ಕೊಡಂಗಿಲ್ಲ.”

ಕುಲಸುಮಬಿ ಎದ್ದಳು. ಶಿವಕಾಂತಾ ಅವಳ ಮುಂಗೈ ಹಿಡಿದು ಕೂರಿಸಿದಳು. “ಅಮಾಸಿಗೆ ಮಿಲ್ ಬಂದ್ ಇರ್ತದಲ್ಲ. ಘತ್ತರಗಿ ಗುಡಿಗೆ ಹೊಂಟೀವಂತ ಹೇಳು. ಭಾಗ್ಯವಂತಿ ತಾಯಿ ಯಾರ ಜಾತೀನೂ ಕೇಳಂಗಿಲ್ಲ, ಜಗದೇವನೂ ಕೇಳಂಗಿಲ್ಲ. ದಾರ್ಯಾಗ ಅಫಜಲಪುರದಾಗ ಇಳಿದು ಅಲ್ಲೀ ದವಾಖಾನ್ಯಾಗ ತೋರಿಸೂಣು. ಅಲ್ಲಿ ನಮ್ಮನ್ನ ಗುರ್ತು ಹಿಡಿಯವ್ರು ಯಾರದಾರ?”

ಹೀಗೆ ಅಮಾವಾಸ್ಯೆಯ ದಿನ, ಕಾಯಿ ಕರ್ಪೂರ ಹಿಡಿದ ಮಂದಿ ಕಿಕ್ಕಿರಿದ ಬಸ್ಸಿನಿಂದ ಇಬ್ಬರು ಹೆಂಗಸರು ಅಫಜಲಪುರದಲ್ಲಿ ಇಳಿದು, ಕಳ್ಳತನಕ್ಕೆ ಬಂದವರಂತೆ ಅತ್ತಿತ್ತ ನೋಡುತ್ತ ದವಾಖಾನೆಯ ಪಾಳಿಯಲ್ಲಿ ನಿಂತರು. ಕದ್ದದ್ದು ಯಾರೋ, ಮುಖ ಮುಚ್ಚಿಕೊಂಡವರು ಯಾರೋ.

ನರ್ಸು ಕುಲಸುಮಬಿಯ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದಳು. ಮಷೀನು ನೋಡಿದಳು. ಒಂದೀಟು ಕೂರಿಸಿ, ಮತ್ತೊಮ್ಮೆ ತುಂಬಿ ನೋಡಿದಳು.

“ಇಷ್ಟು ದಿವಸ ಎಲ್ಲಿದ್ರಿ? ಡಾಕ್ಟರು ಇವತ್ತೇ ಗುಳಿಗಿ ಶುರು ಮಾಡ್ತಾರ.” ಕಾರ್ಡು ಎಳೆದುಕೊಂಡಳು. “ಏನ್ ಕೆಲಸ ಮಾಡ್ತೀರಿ?”

“ಏನಿಲ್ರಿ. ಮನ್ಯಾಗ ಇರ್ತೇನಿ.”

ನರ್ಸು ಬರೆಯತೊಡಗಿದಳು. ಶಿವಕಾಂತಾ ಮೇಜಿನ ಮೇಲೆ ಕೈ ಇಟ್ಟಳು.

“ಸುಳ್ಳ ಹೇಳಾಕತ್ತಾಳ್ರಿ. ದಾಲ್ ಮಿಲ್ಲಿನ್ಯಾಗ ಕಾಳು ಹಸನ ಮಾಡ್ತಾಳ. ಮುಂಜಾನಿ ಕುಂತ್ರ ಸಂಜೀತನ ಏಳಾಕ ಬಿಡಂಗಿಲ್ಲ, ಉಚ್ಚಿಗೆ ಹೋಗಾಕ ಜಾಗಿಲ್ಲ, ಅದಕ್ಕ ಹನಿ ನೀರು ಕುಡಿಯಂಗಿಲ್ಲ. ಡಾಕ್ಟರು ಗುಳಿಗಿ ಆರಿಸೂ ಮುಂದ ಇದು ಅವರಿಗೆ ಗೊತ್ತಿರಬೇಕು. ಬರಕೋರಿ.”

ಕುಲಸುಮಬಿ ಗೋಡೆಯ ಕಡೆ ಮುಖ ಮಾಡಿದಳು. ಪಾಳಿಯಲ್ಲಿದ್ದ ಮಂದಿ ತಿರುಗಿ ನೋಡಿದರು. ನರ್ಸು ಪೆನ್ನು ಹಿಡಿದು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿದಳು.

“ಇದನ್ನೆಲ್ಲಾ ಬರ್ಯಾಕ ಇದರಾಗ ಜಾಗಿಲ್ಲ ಯವ್ವಾ.”

“ಹೆಸರಿನ ಮ್ಯಾಲ ಖಾಲಿ ಅದಲ್ರಿ,” ಎಂದಳು ಶಿವಕಾಂತಾ. “ಅಲ್ಲೇ ಬರೀರಿ.”