ಒಲೆಯ ಪಕ್ಕದಲ್ಲಿ ಉಪದೇಶಪ್ಪ

ಕಂಡಕಂಡವರಿಗೆಲ್ಲ ಬುದ್ಧಿ ಹೇಳುವ ಚಟದಿಂದ ಊರು ಅವರನ್ನು ಉಪದೇಶಪ್ಪ ಎಂದು ಕರೆಯುತ್ತಿತ್ತು. ಇತ್ತೀಚೆಗೆ ಕೇಳುವವರು ಕಡಿಮೆಯಾಗಿದ್ದರು. ಅವರು ಜಗಲಿಯಲ್ಲಿ ಕೂತಿದ್ದಾರೆಂದರೆ ಜನ ಆಚೆ ಓಣಿ ಹಿಡಿಯುತ್ತಿದ್ದರು. ಅಡುಗೆಮನೆಯ ಹೊಸ್ತಿಲನ್ನು ಮಾತ್ರ ಅವರು ಎಂದೂ ದಾಟಿದವರಲ್ಲ. ಒಳಗಿನ ಹೊಗೆ ಅವರಿಗೆ ಆಗಿಬರುತ್ತಿರಲಿಲ್ಲ. ಅದೇ ಹೊಗೆಯಲ್ಲಿ ಹೆಂಡತಿಯೂ ಇಬ್ಬರು ಸೊಸೆಯರೂ ಕೆಮ್ಮುತ್ತಾ ಬೇಯಿಸುತ್ತಿದ್ದರು.

ಸೌದೆ ಕಡಿಮೆ ತಿನ್ನುವ, ಹೊಗೆಯನ್ನು ಕೊಳವೆಯಲ್ಲಿ ಆಚೆ ಕಳಿಸುವ ಒಲೆ ಊರಿಗೆ ಬಂದಾಗ, ಮೊದಲನೆಯದು ತಮ್ಮ ಮನೆಗೇ ಆಗಬೇಕೆಂದು ಉಪದೇಶಪ್ಪ ಪಟ್ಟು ಹಿಡಿದರು. ಮೇಸ್ತ್ರಿ ಬಂದು ಹಳೆಯದನ್ನು ಕಿತ್ತು, ಹೊಸದನ್ನು ಕಟ್ಟಿ, ಕೊಳವೆಯನ್ನು ಗೋಡೆಯಲ್ಲಿ ತೂರಿಸಿ ಹಿತ್ತಲಿಗೆ ಬಿಟ್ಟ. ಮಣ್ಣು ಒಣಗಿದ ಮೇಲೆ ಬೆಂಕಿ ಹೊತ್ತಿಸಿದರೆ ಹೊಗೆಯ ಸುಳಿವೇ ಇಲ್ಲ. ಹೆಂಗಸರು ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ಅಡುಗೆ ಮಾಡಿದರು.

ಮರುದಿನವೇ ಉಪದೇಶಪ್ಪ ಮಣೆ ಹಿಡಿದು ಒಳಗೆ ಬಂದರು. ಒಲೆಯ ಪಕ್ಕ ಠಿಕಾಣಿ ಹೂಡಿ, ಈರುಳ್ಳಿ ಹೆಚ್ಚುವುದು ಹೇಗೆ, ಬೇಳೆ ಮಗುಚುವುದು ಯಾವಾಗ ಎಂದು ಶುರುಮಾಡಿದರು. ಜನ್ಮದಲ್ಲಿ ಒಂದು ಲೋಟ ತೊಳೆಯದವರು ಪಾತ್ರೆಯ ತಳ ಉಜ್ಜುವ ಕ್ರಮವನ್ನೂ ವಿವರಿಸಿದರು. ಅವರನ್ನು ಆಡಿಕೊಂಡು ನಗಲು ಹೆಂಗಸರಿಗಿದ್ದದ್ದು ಅದೊಂದೇ ಜಾಗ. ಈಗ ಅಲ್ಲಿಯೂ ಬಾಯಿಗೆ ಬೀಗ. ಎಂದೂ ಒಂದಾಗದ ಅತ್ತೆ ಸೊಸೆಯರು ವಾರದೊಳಗೆ ಒಂದಾದರು.

ಒಂದು ಬೆಳಿಗ್ಗೆ ಕಿರಿಸೊಸೆ ಹಿತ್ತಲಿಗೆ ಹೋಗಿ ಕೊಳವೆಯ ಬಾಯಿಗೆ ಒದ್ದೆ ಗೋಣಿ ತುರುಕಿ ಬಂದಳು. ಉಪದೇಶಪ್ಪ ಉಪ್ಪಿನ ವಿಚಾರಕ್ಕೆ ಬರುವಷ್ಟರಲ್ಲಿ ಹೊಗೆ ಮುತ್ತಿಕೊಂಡಿತು. ಗೋಡೆ ತಡವುತ್ತಾ ಜಗಲಿ ಸೇರಿದರು. ಅವರು ಅತ್ತ ಹೋದೊಡನೆ ಇತ್ತ ಗೋಣಿ ಹೊರಬಂತು. ದಿನವೂ ಇದೇ ಆದಾಗ ಅವರು ಮೇಸ್ತ್ರಿಯನ್ನು ಕರೆಸಿ, ಒಲೆ ಕಟ್ಟುವುದು ಹೇಗೆಂದು ಅವನಿಗೇ ಪಾಠ ಹೇಳಿದರು.

ಮೇಸ್ತ್ರಿ ಒಳಗೆ ಬಂದು ನೋಡಿದ. ಒಲೆ ಚೆನ್ನಾಗಿ ಉರಿಯುತ್ತಿತ್ತು.

"ಇದಕ್ಕೇನಾಗಿದೆ, ಅಮ್ಮ?"

"ಒಲೆಗೇನೂ ಆಗಿಲ್ಲಪ್ಪ," ಎಂದರು ಅತ್ತೆ. "ಇವರು ಒಳಗೆ ಬಂದ್ರೆ ಮಾತ್ರ ಮುನಿಸ್ಕೊಳ್ಳುತ್ತೆ."

ಮೇಸ್ತ್ರಿ ಹಿತ್ತಲಿಗೆ ಹೋದ, ಕೊಳವೆಯ ಕೆಳಗೆ ಬಿದ್ದಿದ್ದ ಒದ್ದೆ ಗೋಣಿ ಕಂಡ, ವಾಪಸು ಬಂದ. ಅವನ ಮನೆಯಲ್ಲೂ ಒಬ್ಬ ಅಪ್ಪನಿದ್ದ. ಒಲೆಯಲ್ಲಿ ದೋಷವಿಲ್ಲ, ಗಂಡಸರು ಹತ್ತಿರ ಕೂತರೆ ಗಾಳಿ ತಿರುಗುತ್ತದೆ ಎಂದು ಗಂಭೀರವಾಗಿ ತಿಳಿಸಿದ. ತಮಗಿದು ಮೊದಲೇ ಗೊತ್ತಿತ್ತು ಎಂದು ಉಪದೇಶಪ್ಪ ತಲೆದೂಗಿದರು. ಅಂದಿನಿಂದ ಜಗಲಿಯಲ್ಲಿ ಕೂತು, ಸಿಕ್ಕ ಗಂಡಸರಿಗೆಲ್ಲ ಗಾಳಿಯ ಈ ಗುಟ್ಟನ್ನು ಬೋಧಿಸತೊಡಗಿದರು.

ಆಮೇಲೆ ಮೇಸ್ತ್ರಿ ಒಲೆ ಕಟ್ಟಲು ಹೋದ ಮನೆಗಳಲ್ಲೆಲ್ಲ ಹೆಂಗಸರು ಸೌದೆ ಎಷ್ಟು ಉಳಿಯುತ್ತದೆಂದು ಕೇಳಲಿಲ್ಲ. ಕೊಳವೆಯ ಬಾಯಿ ಕೈಗೆಟುಕುವಂತೆ ಇಡಪ್ಪ ಎಂದಷ್ಟೇ ಹೇಳಿದರು.