ಬಾಡಿಗೆ ಇಲ್ಲದ ಮನೆ

ಗೇಟಿನ ಪಕ್ಕದ ಮತ್ತಿಮರಕ್ಕೆ ರೈಲುಕಂಬಿಯ ತುಂಡೊಂದನ್ನು ತೂಗುಹಾಕಿದ್ದರು. ಅದರ ಮೇಲೆ ಸರಳು ಬಿತ್ತೆಂದರೆ ಹಂಚಿನ ಕಾರ್ಖಾನೆಯ ಆಳುಗಳ ಚಾಳಿನ ಸಾಲುಮನೆಗಳ ಹೆಂಗಸರೆಲ್ಲ ಇದ್ದಂತೆಯೇ ಹೊರಗೆ ಓಡಬೇಕು. ಮಾಯಕ್ಕ ಹಿಟ್ಟು ಮೆತ್ತಿದ ಕೈಯಲ್ಲಿ ಓಡಿದ್ದಳು. ತಲೆಗೆ ನೀರು ಹಾಕಿಕೊಂಡ ದಿನ ಹಸಿಗೂದಲಲ್ಲಿ ಓಡಿದ್ದಳು. ಜ್ವರದಲ್ಲೂ ಓಡಿದ್ದಳು. ಅಂಗಳದ ತುಂಬ ಹಲಗೆಗಳ ಮೇಲೆ ಹಸಿ ಹಂಚು ಒಣಗುತ್ತಿರುತ್ತವೆ. ಮಳೆಯ ಹನಿ ಬಿದ್ದಲ್ಲಿ ಗುಳಿ ಬೀಳುತ್ತದೆ. ಮಳೆ ಜೋರಾದರೆ ಹಂಚು ಮತ್ತೆ ಮಣ್ಣೇ. ಹಲಗೆ ಹೊತ್ತು ಛಪ್ಪರದೊಳಗೆ ಇಟ್ಟು ಮತ್ತೆ ಓಡಿ ಬರಬೇಕು. ಕೊನೆಯ ಹಂಚು ಒಳಗೆ ಸೇರುವವರೆಗೆ ಗೇಟಿಗೆ ಬೀಗ. ಅಷ್ಟರಲ್ಲಿ ಒಲೆಯ ಮೇಲಿನ ರೊಟ್ಟಿ ಕರಕಾಗಿರುತ್ತಿತ್ತು.

ಈ ಓಟಕ್ಕೆ ಕೂಲಿ ಇರಲಿಲ್ಲ. ಮನೆಗೆ ಬಾಡಿಗೆ ಇರಲಿಲ್ಲವಲ್ಲ, ಅದಕ್ಕೆ ಇದು ಸರಿಹೋಯಿತು ಎನ್ನುತ್ತಿದ್ದರು.

ಅವರು ಬೆಳಗಾವಿಯಿಂದ ಬಂದವರು. ಮಾಯಕ್ಕನ ಗಂಡ ಯಲ್ಲೇಶ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಮರಳಿನ ಅಚ್ಚು ಹಾಕುತ್ತಿದ್ದ. ಆ ಧೂಳಿಗೆ ಕೆಮ್ಮು ಹತ್ತಿತು. ಕೆಮ್ಮು ಬಲವಾದ ವರ್ಷವೇ ಫೌಂಡ್ರಿಗೆ ಆರ್ಡರು ನಿಂತವು, ಅರ್ಧ ಜನರನ್ನು ಮನೆಗೆ ಕಳಿಸಿದರು. ಮಾಯಕ್ಕ ಟಿಳಕವಾಡಿಯ ಮನೆಗಳಲ್ಲಿ ಪಾತ್ರೆ ಭಾಂಡೆ ತಿಕ್ಕಿ ತಂದದ್ದು ಅನಗೋಳದ ಒಂದು ಖೋಲಿಯ ಬಾಡಿಗೆಗೇ ಹೋಗುತ್ತಿತ್ತು. ಆಗ ಬಂದವನು ಬಂಡೆಪ್ಪ. ಯಲ್ಲೇಶನ ಊರಿನವನೇ, ಖಾನಾಪುರದ ಈ ಕಾರ್ಖಾನೆಯಲ್ಲಿ ಆಳುಗಳ ಮೇಲ್ವಿಚಾರಣೆಯ ಮುಕಾದಮ.

“ಖಾನಾಪುರದಾಗ ಎಲ್ಲಾ ಸೋವಿ ಐತಿ ನೋಡಪಾ,” ಎಂದಿದ್ದ. “ಕಾಯಿಪಲ್ಲೆ ಸೋವಿ, ಹಾಲು ಸೋವಿ. ಮನೀಗಂತೂ ಬಾಡಿಗಿನ ಇಲ್ಲ. ಮಳಿ ಬಂದರ ಮನಿಗೊಬ್ಬ ಹೆಣಮಗಳು ನಾಕ ಹಲಗಿ ಒಳಗಿಟ್ಟರಾತು. ಅಲ್ಲೀ ಗಾಳಿಗೆ ನಿನ್ನ ಕೆಮ್ಮು ತಾನ ಹೋಗ್ತೈತಿ.”

ಮಗಳು ತ್ರಿವೇಣಿ ಹತ್ತನೆಯ ತರಗತಿಗೆ ಕಾಲಿಡುವ ಹೊತ್ತು. ಅವಳಿಗೂ ಹೊಸ ಶಾಲೆ, ಹೊಸ ಊರು ಒಳ್ಳೆಯದೇ ಎಂದುಕೊಂಡು ಬೇಸಿಗೆಯ ಕೊನೆಗೆ ಪ್ಯಾಸೆಂಜರ್ ಗಾಡಿ ಹತ್ತಿದರು. ಹೊರಡುವಾಗ ಟಿಳಕವಾಡಿಯ ಮನೆಯೊಡತಿಯೊಬ್ಬಳು ತನ್ನ ಮೊಮ್ಮಗನ ಹಳೆಯ ಪುಸ್ತಕಗಳನ್ನೆಲ್ಲ ಕಟ್ಟಿ, ಗಾಡಿಯಲ್ಲಿ ತಿನ್ನಲು ಧಪಾಟಿ ಮಾಡಿ ಕೊಟ್ಟಿದ್ದಳು.

ಮಳೆಗಾಲವೆಲ್ಲ ಅಂಗಳ ಖಾಲಿ ಇತ್ತು. ಸುಖವಾಗಿಯೇ ಕಳೆಯಿತು. ದಸರೆಯ ನಂತರ ಹಂಚು ಅಂಗಳಕ್ಕಿಳಿದವು. ಯಲ್ಲೇಶನಿಗೆ ಭಟ್ಟಿ ತುಂಬುವ ಕೆಲಸ. ಬೆಳಗಾವಿಯ ಧೂಳು ಹೋಗಿ ಇಲ್ಲಿಯ ಹೊಗೆ ಬಂತು, ಕೆಮ್ಮು ಹಾಗೇ ಉಳಿಯಿತು. ಹಗಲು ರಾತ್ರಿಯೆನ್ನದೆ ಅಡ್ಡಮಳೆ ಬಂದಾಗಲೆಲ್ಲ ಮಾಯಕ್ಕ ಓಡಿದಳು. ದಿನಾ ನಸುಕಿನಲ್ಲಿ ಹಂಚು ಮಗುಚುವುದೂ ಅವಳ ಪಾಲಿಗೇ ಬಂತು. ಬಂಡೆಪ್ಪ ಅದನ್ನು ಬೆಳಗಾವಿಯಲ್ಲಿ ಹೇಳಿರಲಿಲ್ಲ. ಕೈ ಒಡೆದವು. ಪಕ್ಕದ ಮನೆಯ ಸಾವಂತ್ರೆವ್ವ ಮುದುಕಿ ಸಂಜೆ ಔಡಲೆಣ್ಣೆ ಬೆಚ್ಚಗೆ ಮಾಡಿ ತಂದು ತಾನೇ ಹಚ್ಚುತ್ತಿದ್ದಳು. ಆದರೂ ಮಾಯಕ್ಕ ಗೊಣಗಲಿಲ್ಲ. ಮಗಳ ಹತ್ತನೆಯ ತರಗತಿ ಒಂದು ಮುಗಿಯಲಿ, ಆಮೇಲೆ ನೋಡೋಣ ಎನ್ನುವುದು ಅವಳ ಲೆಕ್ಕ. ನರ್ಸ್ ಆಗುವುದು ಮಗಳ ಆಸೆ. ಓಡುವವಳು ತಾನು, ಓದುವವಳು ಅವಳು.

ಸಂಕ್ರಾಂತಿಗೆ ಕಾರ್ಖಾನೆಯ ಮಾಲೀಕ ಸಾವಕಾರ ಪಂಢರಿನಾಥರ ಹೆಂಡತಿ ರಾಧಾಬಾಯಿ ಚಾಳಿನ ಹೆಂಗಸರನ್ನು ಅರಿಷಿಣ ಕುಂಕುಮಕ್ಕೆ ಕರೆದರು. ಮಾಯಕ್ಕ ಮಗಳನ್ನೂ ಕರೆದುಕೊಂಡು ಹೋದಳು. ರಾಧಾಬಾಯಿ ಕುಸುರೆಳ್ಳು ಕೊಟ್ಟರು. ತ್ರಿವೇಣಿಯ ಗದ್ದ ಹಿಡಿದು, “ಎಷ್ಟ ಛಂದ ಬೆಳದಾಳ ಬಾಯಿ. ನನಗ ಹೆಣ್ಣಮಕ್ಕಳಿಲ್ಲ, ಈಕೀನ ನನ್ನ ಮಗಳು,” ಎಂದು ಅಕ್ಕಿ, ಕೊಬ್ಬರಿ, ಕುಬಸದ ಖಣ ತರಿಸಿದರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಹುಡುಗಿ ಸಂಕೋಚದಿಂದ ನಿಂತಳು. ಸಾವಕಾರ್ತಿ ತಾನಾಗಿ ಉಡಿ ತುಂಬುತ್ತಿದ್ದಾಳೆ, ಬೇಡ ಎನ್ನುವುದು ಹೇಗೆ? ಮಾಯಕ್ಕನೇ ಮಗಳ ಓಢಣಿ ಹಿಡಿದು ಮುಂದೆ ಚಾಚಿದಳು. ಮೂಲೆಯಲ್ಲಿ ಕುಳಿತಿದ್ದ ಸಾವಂತ್ರೆವ್ವ ತಲೆ ತಗ್ಗಿಸಿದ್ದನ್ನು ಅವಳು ನೋಡಲಿಲ್ಲ.

ಮರುದಿನ ನಸುಕಿನಲ್ಲಿ ಬಂಡೆಪ್ಪ ಬಾಗಿಲಿಗೆ ಬಂದ.

“ತ್ರಿವೇಣೀನೂ ಎಬ್ಬಸಬೇ. ಹಂಚು ಮಗಚಾಕ.”

“ಆಕಿ ಯಾಕ? ಮನಿಗೊಬ್ಬರು ಅಂತ ನೀನ ಹೇಳಿದ್ದಿ.”

“ಅದು ಉಡಿ ತುಂಬೂಮಟ. ನಿನ್ನೆ ಬಾಯಾರು ಉಡಿ ತುಂಬ್ಯಾರಲ್ಲ? ಇನ್ನ ಆಕೀನೂ ಅಂಗಳದಾಕಿ.” ಬಂಡೆಪ್ಪ ಅವಳ ಮುಖ ನೋಡದೆ ಹೇಳಿದ.

ಚಾಳಿನ ಪದ್ಧತಿ ಹಾಗಿತ್ತು. ಎಲ್ಲಿಯೂ ಬರೆದದ್ದಲ್ಲ. ಸಾವಕಾರರ ಮನೆಯಲ್ಲಿ ಉಡಿ ತುಂಬಿಸಿಕೊಂಡ ಹುಡುಗಿ ಆ ಅಂಗಳದ ಆಳು. ಕಂಬಿ ಬಾರಿಸಿದಾಗ ಬರದಿದ್ದರೆ ಮನೆ ಖಾಲಿ ಮಾಡಬೇಕು. ಆ ಸಂಜೆ ಎಣ್ಣೆ ಹಚ್ಚಲು ಬಂದ ಸಾವಂತ್ರೆವ್ವ ಅವಳ ಅಂಗೈಗಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ತನ್ನ ಮಗಳೂ ಹೀಗೆಯೇ ಏಳನೆಯದಕ್ಕೇ ಶಾಲೆ ಬಿಟ್ಟಳು ಎಂದಳು. “ಹೇಳಬೇಕಂತ ಬಾಯಿ ತಗದೆ ತಂಗಿ. ಬಾಯಾರು ನನ್ನನ್ನ ನೋಡಾಕಹತ್ತಿದ್ರು.”

ಯಲ್ಲೇಶ ಬಿಟ್ಟು ಹೋಗೋಣವೆಂದ. ಎಲ್ಲಿಗೆ? ಬೆಳಗಾವಿಯಲ್ಲಿ ಡಿಪಾಜಿಟ್ಟಿಲ್ಲದೆ ಕೋಳಿಗೂಡೂ ಸಿಗುವುದಿಲ್ಲ. ಪರೀಕ್ಷೆಯ ಕೇಂದ್ರವೂ ಖಾನಾಪುರದಲ್ಲೇ. ಅಗ್ಗದ ಊರೆಂದು ಬಂದವರಿಗೆ ಆ ಊರಿನಿಂದ ಹೊರಡುವುದೇ ತುಟ್ಟಿಯಾಗಿತ್ತು.

ಮಾಯಕ್ಕ ರಾಧಾಬಾಯಿಯವರ ಹತ್ತಿರ ಹೋದಳು. ಅವರು ಕೂರಿಸಿ ಚಹ ಕೊಟ್ಟರು. ಅವಳು ಪರೀಕ್ಷೆಯ ಮಾತು ಎತ್ತಿದಳು.

“ಮನೀ ಮಗಳು ಅಂದೇನಲ್ಲ ಮಾಯಕ್ಕಾ,” ಎಂದರು ರಾಧಾಬಾಯಿ, ಮೆಲ್ಲಗೆ. “ಮನೀ ಮಗಳು ಮನೀ ಕೆಲಸಕ್ಕ ಬರಬಾರದೇನು?”

ಜಗುಲಿಯ ಮೇಲೆ ಪೇಪರು ಓದುತ್ತಿದ್ದ ಪಂಢರಿನಾಥರು ತಲೆಯೆತ್ತಲಿಲ್ಲ. “ಪರೀಕ್ಷಾ ಬರೀಲಿ. ನಾವೇನ ಬ್ಯಾಡ ಅಂದೇವೇನು? ನಸಕಿನ್ಯಾಗ ಮತ್ತ ಮಳಿ ಬಂದಾಗ ಅಷ್ಟ ಬರ್ಲಿ. ಮಳಿ ನಮ್ಮ ಕೈಯಾಗೈತೇನು?”

ಅಂದಿನಿಂದ ತಾಯಿ ಮಗಳು ಇಬ್ಬರೂ ನಸುಕಿನಲ್ಲಿ ಹಂಚು ಮಗುಚಿದರು. ತ್ರಿವೇಣಿಯ ಉಗುರಿನ ಸಂದಿಯ ಮಣ್ಣು ತೊಳೆದರೂ ಹೋಗುತ್ತಿರಲಿಲ್ಲ. ತರಗತಿಯಲ್ಲಿ ನಿದ್ದೆಗೆ ಜೋಲಿ ಹೊಡೆದರೆ ಗಣಿತದ ಮೇಷ್ಟ್ರು ಉಳವಪ್ಪ ಎಬ್ಬಿಸುತ್ತಿರಲಿಲ್ಲ. ಸಂಜೆ ನಿಲ್ಲಿಸಿಕೊಂಡು ತಪ್ಪಿಹೋದ ಪಾಠ ಹೇಳಿಕೊಡುತ್ತಿದ್ದರು. ಇದ್ದ ಒಂದೇ ಯೂನಿಫಾರ್ಮನ್ನು ಯಲ್ಲೇಶ ರಾತ್ರಿ ಭಟ್ಟಿಯ ಗೋಡೆಗೆ ಹರವಿ, ಬೆಳಗಿನೊಳಗೆ ಒಣಗಿಸಿ ಕೊಡುತ್ತಿದ್ದ.

ಗಣಿತದ ಪರೀಕ್ಷೆಯ ದಿನ ಬೆಳಿಗ್ಗೆಯೇ ಕಣಕುಂಬಿಯ ಘಟ್ಟದ ಕಡೆಯಿಂದ ಮೋಡ ಏರಿ ಬಂತು. ಮಾಯಕ್ಕ ಮಗಳಿಗೆ ಬೇಗ ಉಣ್ಣಿಸಿ ಹೊರಡಿಸಿದಳು. ತ್ರಿವೇಣಿ ಗೇಟಿಗೆ ಇನ್ನೂ ಸ್ವಲ್ಪ ದೂರವಿದ್ದಳು. ಮೊದಲ ಹನಿಗೇ ಬಂಡೆಪ್ಪ ಕಂಬಿ ಬಾರಿಸಿದ. ಗೇಟೆಳೆದು ಬೀಗ ಹಾಕಿದ.

ಚಾಳಿನಿಂದ ಹೆಂಗಸರು ಓಡಿ ಬಂದರು. ಮಾಯಕ್ಕನೂ ಬಂದಳು. ರೂಢಿಯಂತೆ ಹಲಗೆಯೊಂದನ್ನು ಎತ್ತಿದವಳು ಗೇಟಿನ ಕಡೆ ನೋಡಿದಳು. ಹಾಲ್ ಟಿಕೆಟು ನೆನೆಯದಂತೆ ಎದೆಗೆ ಒತ್ತಿ ಹಿಡಿದು ತ್ರಿವೇಣಿ ಬೀಗದ ಮುಂದೆ ನಿಂತಿದ್ದಳು.

“ಬಿಡೋ ಬಂಡೆಪ್ಪಾ,” ಎಂದಳು ಮಾಯಕ್ಕ. “ಆಕೀ ಪಾಲಿಂದೂ ನಾನ ಹೊರತೀನಿ.”

“ನನ್ನ ಕೈಯಾಗಿಲ್ಲಬೇ. ಸಾವಕಾರ್ರು ಮ್ಯಾಲ ನಿಂತಾರ, ನೋಡು. ಹಂಚು ಒಳಗ ಹೋಗ್ಲಿ, ತಗೀತೀನಿ.”

“ಅಷ್ಟೊತ್ತಿಗೆ ಪೇಪರ ಮುಗದಿರತೈತಿ.”

ಹನಿ ದಪ್ಪವಾದವು. ಮಾಯಕ್ಕನ ಕೈಯಲ್ಲಿದ್ದ ಹಂಚುಗಳ ಮೇಲೆ ಗುಳಿ ಮೂಡತೊಡಗಿದವು. ಅವಳು ಹಲಗೆಯನ್ನು ಮೆಲ್ಲಗೆ ಅಲ್ಲೇ ನೆಲಕ್ಕಿಟ್ಟಳು. ಮಗಳ ಪಕ್ಕದಲ್ಲಿ ಹೋಗಿ ನಿಂತಳು.

ಹಲಗೆ ಹೊತ್ತು ಛಪ್ಪರದತ್ತ ಹೊರಟಿದ್ದ ಸಾವಂತ್ರೆವ್ವ ನಡುದಾರಿಯಲ್ಲಿ ನಿಂತಳು. ಇಷ್ಟು ವರ್ಷದಲ್ಲಿ ಒಂದು ಹಂಚನ್ನೂ ನೆನೆಯಗೊಡದ ಮುದುಕಿ ಅದನ್ನು ಮಳೆಯಲ್ಲಿಯೇ ಇಳಿಸಿದಳು. “ನನ್ನ ಮಗಳ ಸಾಲಿ ಹೋದದ್ದು ಹೋತು,” ಎಂದಳು. “ಈಕಿ ಪರೀಕ್ಷಾಕ್ಕ ಹೋಗಾಕ ಬೇಕು.”

ಅವಳ ಹಿಂದೆ ಒಬ್ಬಳು ಇಳಿಸಿದಳು. ಆಮೇಲೆ ಇನ್ನೊಬ್ಬಳು. ಯಾರೂ ಯಾರಿಗೂ ಹೇಳಲಿಲ್ಲ. ಅಂಗಳದ ಹೆಂಗಸರೆಲ್ಲ ಗೇಟಿನ ಮುಂದೆ ಬಂದು ನಿಂತರು. ಬಂಡೆಪ್ಪ ಒಮ್ಮೆ ಸಾವಕಾರರ ಜಗುಲಿ ನೋಡಿದ, ಒಮ್ಮೆ ಹುಡುಗಿಯ ಕಾಲಿನ ಕಡೆ ನೋಡಿದ. ಬೀಗ ತೆಗೆದು, ಗೇಟನ್ನು ಒಬ್ಬರು ನುಸುಳುವಷ್ಟು ಸರಿಸಿದ. ತನ್ನ ತಲೆಯ ಮೇಲಿನ ಗೊಬ್ಬರ ಚೀಲದ ಕೊಪ್ಪೆಯನ್ನು ತೆಗೆದು ಅವಳಿಗೆ ಹೊದಿಸಿ, “ಓಡವ್ವಾ,” ಎಂದ. ತ್ರಿವೇಣಿ ಓಡಿದಳು.

ಪಂಢರಿನಾಥರು ಕೊಡೆ ಹಿಡಿದು ಇಳಿದು ಬರುವಷ್ಟರಲ್ಲಿ ಗೇಟು ಮತ್ತೆ ಮುಚ್ಚಿತ್ತು. ಹೆಂಗಸರು ಒಳಗೇ ಇದ್ದರು. ಹೋಗಲು ಅವರಿಗೆ ಬೇರೆ ಜಾಗವಿರಲಿಲ್ಲ.

“ಏನ ನೋಡಕೋತ ನಿಂತೀರಿ? ಎತ್ರಿ,” ಎಂದರು.

ಯಾರೂ ಬಗ್ಗಲಿಲ್ಲ.

“ಮಾಯಕ್ಕಾ, ಇವತ್ತ ಸಂಜೀ ಒಳಗ ಮನಿ ಖಾಲಿ ಆಗಬೇಕು.”

ಮಾಯಕ್ಕ ಗಂಡನತ್ತ ತಿರುಗಿ ನೋಡಿದಳು. ಭಟ್ಟಿಯ ಬಾಯಲ್ಲಿ ಯಲ್ಲೇಶ ಕೆಮ್ಮುತ್ತ ನಿಂತಿದ್ದ.

“ಆಕೀದೊಂದ ಮನಿ ಏನ್ರಿ ಸಾವಕಾರ್ರ?” ಎಂದಳು ಸಾವಂತ್ರೆವ್ವ. “ನಾನೂ ಹಲಗಿ ಇಳಿಸೀನಿ. ಇವರೆಲ್ಲಾರೂ ಇಳಿಸ್ಯಾರ. ಇಡೀ ಚಾಳ ಖಾಲಿ ಮಾಡಸ್ರಿ. ನಾಳೆ ಮುಂಜೇಲೆ ಹಂಚು ಬಾಯಾರ ಮಗಚತಾರ.”

ಪಂಢರಿನಾಥರ ಮುಖ ಕೆಂಪಾಯಿತು. ಕೊಡೆಯನ್ನು ಬಿಸಾಡಿ, ಬಂಡೆಪ್ಪನ ಕೈಯಿಂದ ಸರಳು ಕಿತ್ತುಕೊಂಡು ಕಂಬಿಗೆ ಹೊಡೆದರು. ಮತ್ತೆ ಹೊಡೆದರು. ಪೇಟೆಗೂ ಕೇಳುವಂತೆ ಹೊಡೆದರು. ಹೆಂಗಸರು ಕದಲಲಿಲ್ಲ. ಕೊನೆಗೆ ಅವರೇ ಓಡಿಹೋಗಿ ಒಂದು ಹಂಚನ್ನು ಎರಡೂ ಕೈಯಿಂದ ಎತ್ತಿದರು. ಅದು ನಡುವೆ ಬಾಗಿ, ಬೆರಳುಗಳ ಸಂದಿಯಿಂದ ಕೆಸರಾಗಿ ಅವರ ಬಿಳಿ ಧೋತರದ ಮೇಲೆ ಇಳಿಯಿತು.