ಒಡಪಿನಿಂದ ತೆಗೆದ ಹೆಸರು

೧.
ಎಲ್ಲಿಂದ ಸುರು ಮಾಡಲಿ? ಜೋಳ ಬೀಸುತ್ತಿದ್ದೆ ಎಂದರೆ ನೀವು ಪುಟ ತಿರುವುತ್ತೀರಿ. ಆದರೆ ಬೀಸುತ್ತಲೇ ಇದ್ದೆ. ಸುನಂದಾಬಾಯಿ ಅರಿಶಿಣ-ಕುಂಕುಮಕ್ಕೆ ಕರೆಯಲು ಬಂದಳು. ನನ್ನ ಹಣೆಗೆ ಹಚ್ಚಿದಳು, ಏಳು ವರ್ಷದ ಮಗಳು ನೀಲಾಳಿಗೆ ಹಚ್ಚಿದಳು. ನನ್ನೆದುರು ಬೀಸುಕಲ್ಲಿನ ಗೂಟ ಹಿಡಿದಿದ್ದ ಕೃಷ್ಣವ್ವ ಮಾವಶಿಯನ್ನು ದಾಟಿ ಕುಂಕುಮದ ಕರಡಿಗೆ ಮುಚ್ಚಿದಳು. ಮಾವಶಿ ನನ್ನ ಅವ್ವನ ತಂಗಿ, ನೀಲಾಳ ಕೃಷ್ಣಾಯಿ, ವಿಧವೆ. ಸುನಂದಾಬಾಯಿ ಅವಳ ತಬ್ಯೇತು ಹೇಗಿದೆ ಎಂದು ಮಾತ್ರ ಬಾಯಿತುಂಬ ಕೇಳಿದಳು.

೨.
(ಇದು ಕಾದಂಬರಿಕಾರ್ತಿಯ ಕತೆ ಎಂದು ಮೊದಲೇ ಹೇಳಬೇಕಿತ್ತು. ಕೈಯೆಲ್ಲ ಹಿಟ್ಟು, ಮರೆತೆ.)

ಮಾವಶಿಯ ಒಂದೇ ಕಾದಂಬರಿ ಮಿರಜಿನಲ್ಲಿ ಇನ್ನೂರು ಪ್ರತಿ ಅಚ್ಚಾಯಿತು. ಗೆದ್ದಲು ಬಿಟ್ಟರೆ ಓದಿದವರು ಹನ್ನೊಂದು ಜನ. ಅದರ ಚಾಪ್ಟರುಗಳ ತಲೆಯ ಮೇಲಿದ್ದ ಪದ್ಯಗಳು ಮಾತ್ರ ಸಾಂಗ್ಲಿಯಿಂದ ಲಿಂಗನೂರಿನವರೆಗೆ ಹೆಂಗಸರ ಬಾಯಲ್ಲಿವೆ. ಒಂದು ಹೀಗಿದೆ:

ದೋಣಿ ದಾಟಿ ಹೋದ ಮ್ಯಾಲೂ ದಂಡಿ ಇನ್ನೂ ತೊಯ್ದೈತಿ,
ಯಾರ ಹೆಸರ ಕೇಳತೀರಿ? ನನ್ನ ಹೆಸರ ಕೃಷ್ಣಿ ಐತಿ.

ಅರಿಶಿಣ-ಕುಂಕುಮದಲ್ಲಿ ಪಾಳಿಯಂತೆ ಗಂಡನ ಹೆಸರನ್ನು ಒಡಪು ಕಟ್ಟಿ ಹೇಳುವಾಗ ಎಲ್ಲರಿಗೂ ಇದೇ ಬೇಕು. ಕೊನೆಗೆ ಕೃಷ್ಣಿಯನ್ನು, ಎಂದರೆ ಮಾವಶಿಯನ್ನು, ಎಬ್ಬಿಸಿ ತಮ್ಮ ಗಂಡನನ್ನು ಕೂಡಿಸುತ್ತಾರೆ. ಪ್ರಾಸ ಹಾಳಾದರೂ ನಡೆಯುತ್ತದೆ. ಸಂಸ್ಥಾನದ ಮಾಸ್ತರರೊಬ್ಬರು ನಮ್ಮ ಕಟ್ಟೆಯ ಮೇಲೆ ಕುಳಿತೇ ‘ಹಳೆಯ ಹಾಡು, ಬರೆದವರು ಗೊತ್ತಿಲ್ಲ’ ಎಂದು ಬರೆದುಕೊಂಡು ಹೋದರು. ಅವರಿಗೆ ಚಹಾ ಕೊಟ್ಟವಳು ಮಾವಶಿಯೇ.

೩.
ಮೊದಲನೆಯ ಎಂಡಿಂಗ್: ಸುನಂದಾಬಾಯಿಯ ಪಡಸಾಲೆಗೆ ಮಾವಶಿ ನಡೆದು ಬಂದು ತನ್ನ ಪದ್ಯವನ್ನು ತಾನೇ ಹೇಳುತ್ತಾಳೆ.

ಮಾವಶಿ ನನ್ನ ಹೆಗಲ ಮೇಲಿಂದ ಓದಿದಳು. "ಹೊಡದು ಹಾಕು. ಕರೀಲಾರದ ಮನಿಗೆ ನಾ ಕತಿಯೊಳಗೂ ಹೋಗಾಂಗಿಲ್ಲ."

ಹೊಡೆದು ಹಾಕಿದೆ.

೫.
(ನಾಲ್ಕನೆಯದನ್ನು ಬರೆಯುವಾಗ ಹಾಲು ಉಕ್ಕಿತು.)

ಇನ್ನೊಂದು: ನನ್ನ ಪಾಳಿ ಬಂದಾಗ ಗಂಡನ ಹೆಸರು ಬಿಟ್ಟು ‘ಕೃಷ್ಣಿ’ ಎನ್ನುತ್ತೇನೆ. ಬರೆದು ನನಗೇ ಖುಷಿಯಾಯಿತು. ಸುಳ್ಳಿಗೆ ಎಷ್ಟು ಚಂದದ ಅಕ್ಷರ ಬೀಳುತ್ತದೆ ನೋಡಿ.

೬.
ಆದದ್ದು ಇಷ್ಟು. ಸುನಂದಾಬಾಯಿಯ ಪಡಸಾಲೆಯಲ್ಲಿ ನನ್ನ ಪಾಳಿ ಬಂತು. ಸಿಟ್ಟು ಗಂಟಲ ತನಕ ಇತ್ತು, ಸುನಂದಾಬಾಯಿಯ ಮೇಲೆ, ಮಾಸ್ತರರ ಮೇಲೆ, ಸಾಲಾಗಿ ಕುಳಿತ ಹಸಿರು ಬಳೆಗಳ ಮೇಲೆ. ಅದರ ಮೇಲೆಯೇ ಹಾದು ಬಂತು ನನ್ನ ದನಿ: "ಯಾರ ಹೆಸರ ಕೇಳತೀರಿ? ನನ್ನವರ ಹೆಸರ ಮಹಾಲಿಂಗಪ್ಪ."

ಭೇಷ್ ಎಂದರು. ಸಕ್ಕರೆ ಕೊಟ್ಟರು.

ಈ ಕತೆಯನ್ನು ನಾನು ಮುಗಿಸುವುದಿಲ್ಲ. ಮುಗಿಸಿದರೆ ನನಗೆ ಮಾಫಿ ಸಿಕ್ಕೀತು. ದಿನಾ ಮಾವಶಿಯ ತೊಡೆಯ ಮೇಲೆ ಆ ಪದ್ಯ ಕೇಳಿ ನಿದ್ದೆ ಹೋಗುವ ನೀಲಾ, ಬಾಯಲ್ಲಿಟ್ಟ ಸಕ್ಕರೆ ಕೈಗೆ ಉಗುಳಿ ನನ್ನ ಸೆರಗು ಜಗ್ಗಿದಳು. ತುಂಬಿದ ಪಡಸಾಲೆಗೆಲ್ಲ ಕೇಳುವಂತೆ ಕೇಳಿದಳು:

"ಅವ್ವಾ, ಅಲ್ಲಿ ಕೃಷ್ಣಾಯಿ ಹೆಸರಿತ್ತಲ್ಲ. ನೀ ಯಾಕ ತಗದಿ?"